ರಾಕೆಟ್ ಮೋಟರ್ ಮುಂದಕ್ಕೂ ಹೋಗ್ಬಾರ್ದು, ಹಿಂದಕ್ಕೂ ಬರ್ಬಾರ್ದು: ಮಾಡೆಲ್ ರಾಕೆಟ್‌ಗೆ ಮೋಟರ್ ಕೂರಿಸೋದು ಹೇಗೆ

ನಾವಿರೋದು ಟೆಕ್ಸಾಸ್‌ನಲ್ಲಿ. ಎರಡು ವರ್ಷದ ಹಿಂದೆ ಮಗಳ ಜೊತೆ ಕೂತ್ಕೊಂಡು ಮೂರು ವೀಕೆಂಡ್ ಖರ್ಚು ಮಾಡಿ ಒಂದು ತೆಳ್ಳಗಿನ ರಾಕೆಟ್ ಮಾಡಿದ್ವಿ, ಪೇಂಟ್ ಹೊಡೆದು ಮೇಲೆ ಅವಳ ಹೆಸರು ಬರೆದು ಎಲ್ಲಾ ಆಯ್ತು, ಸಿ6-5 ಮೋಟರ್ ಹಾಕಿ ಬಟನ್ ಒತ್ತಿದ್ವಿ. ಚೆನ್ನಾಗೇ ಹೋಯ್ತು. ಮೇಲೆ ಟಪ್ ಅಂತ ಸೌಂಡೂ ಬಂತು, ಆದ್ರೆ ಪ್ಯಾರಾಚೂಟ್ ಬರ್ಲಿಲ್ಲ, ಅದರ ಬದಲು ಬೆರಳುದ್ದದ ಒಂದು ತುಂಡು ಹೊಗೆ ಬಿಡ್ತಾ ಪಲ್ಟಿ ಹೊಡ್ಕೊಂಡು ಕೆಳಗೆ ಬಂತು. ಖಾಲಿ ಮೋಟರ್ ಅದು. ರಾಕೆಟ್ ಮೂಗು ಕೆಳಗೆ ಮಾಡ್ಕೊಂಡು ಸೀದಾ ಬಂದು ಹುಲ್ಲಲ್ಲಿ ಗೂಟ ಹೊಡೆದ ಹಾಗೆ ನಿಂತ್ಕೊಳ್ತು, ಟ್ಯೂಬ್ ಅರ್ಧಕ್ಕೆ ಸುಕ್ಕಾಗಿ ಮಡಚಿಹೋಗಿತ್ತು. ಮಗಳು ಅಳ್ಲಿಲ್ಲ, ನನ್ನ ಮುಖ ನೋಡಿದ್ಲು ಅಷ್ಟೆ. ಅದು ಅತ್ತಿದ್ದಕ್ಕಿಂತ ಜಾಸ್ತಿ ಚುಚ್ತು.

ತಪ್ಪು ನನ್ನದೇ. ಆ ರಾಕೆಟ್‌ಗೆ ಮೋಟರ್ ಹಿಡ್ಕೊಳ್ಳೋ ಹುಕ್ ಇರ್ಲಿಲ್ಲ, ಮೋಟರ್‌ಗೆ ಟೇಪ್ ಸುತ್ತಿ ಬಿಗಿಯಾಗಿ ಕೂರಿಸ್ಬೇಕಿತ್ತು, ನಾನು ಆತುರದಲ್ಲಿ ಒಂದೇ ಸುತ್ತು ಸುತ್ತಿ ತುರುಕಿದ್ದೆ. ಆಮೇಲೆ ನನ್ನ ಹಾಗೇ ಶುರು ಮಾಡಿದ ನಾಲ್ಕೈದು ಕನ್ನಡದ ಅಪ್ಪ ಅಮ್ಮಂದಿರು ಇದೇ ಪಾಡು ಹೇಳ್ಕೊಂಡ್ರು, ಅದಕ್ಕೆ ಇಷ್ಟು ಉದ್ದ ಟೈಪ್ ಮಾಡ್ತಾ ಇದೀನಿ.

ದೀಪಾವಳಿ ರಾಕೆಟ್ ಮೇಲೆ ಹೋದ್ರೆ ಮುಗೀತು, ಅದರ ಕಡ್ಡಿ ಯಾರ ಮನೆ ತಾರಸಿ ಮೇಲೆ ಬಿತ್ತು ಅಂತ ಯಾರೂ ಕೇಳಲ್ಲ. ಈ ರಾಕೆಟ್ ವಾಪಸ್ ಬರ್ಬೇಕು, ಇನ್ನೊಂದ್ಸಲ ಹಾರ್ಬೇಕು. ಹಾಗಾಗಿ ಮೋಟರ್‌ಗೆ ಎರಡು ಕೆಲಸ. ಮೊದಲು ನೂಕೋದು. ಸಿ6 ಎರಡು ಸೆಕೆಂಡ್ ಒಳಗೇ ಉರಿದು ಮುಗಿಯುತ್ತೆ, ಆಮೇಲೆ ಡಿಲೇ ಮದ್ದು ನಿಧಾನಕ್ಕೆ ಹೊಗೆ ಬಿಡ್ತಾ ಉರಿಯುತ್ತೆ, ಆ ಟೈಮಲ್ಲಿ ರಾಕೆಟ್ ತನ್ನ ವೇಗಕ್ಕೇ ಮೇಲೆ ಹೋಗ್ತಾ ಇರುತ್ತೆ, ಕೊನೇಲಿ ಎಜೆಕ್ಷನ್ ಚಾರ್ಜ್ ಅನ್ನೋ ಚಿಟಿಕೆ ಮದ್ದು ಮುಂದಿನ ಕಡೆಗೆ ಸಿಡಿದು ಆ ಗ್ಯಾಸ್ ಮೂಗನ್ನೂ ಪ್ಯಾರಾಚೂಟನ್ನೂ ಹೊರಗೆ ತಳ್ಳುತ್ತೆ. ಅಂದ್ರೆ ಮೊದಲು ಮೋಟರ್ ರಾಕೆಟ್ ಒಳಗೆ ನುಗ್ಗೋಕೆ ನೋಡುತ್ತೆ, ಕೊನೇಲಿ ಅದೇ ಮೋಟರ್ ಹಿಂದಿನಿಂದ ಹಾರಿಹೋಗೋಕೆ ನೋಡುತ್ತೆ, ಎತ್ತು ಏರಿಗೆ ಕೋಣ ನೀರಿಗೆ. ನುಗ್ಗೋದನ್ನ ತಡೆಯೋದು ಎಲ್ಲರಿಗೂ ನೆನಪಿರುತ್ತೆ, ಹಾರೋದನ್ನ ತಡೆಯೋದೇ ಮರೆತುಹೋಗುತ್ತೆ.

ಇಲ್ಲೊಂದು ವಿಷ್ಯ ನನಗೆ ತಡವಾಗಿ ಹೊಳೀತು. ಎಜೆಕ್ಷನ್ ಗ್ಯಾಸ್‌ಗೆ ಮೂಗು ಯಾವ್ದು ಮೋಟರ್ ಯಾವ್ದು ಅಂತ ಗೊತ್ತಿಲ್ಲ, ಎರಡು ಕಡೆಗೂ ಒತ್ತುತ್ತೆ, ಯಾವ್ದು ಸಡಿಲ ಇದೆಯೋ ಅದು ಮೊದಲು ಹೋಗುತ್ತೆ. ಹಾಗಾಗಿ ಮೋಟರ್ ಬಿಗಿ ಇದ್ರೆ ಸಾಲಲ್ಲ, ಮೂಗಿಗಿಂತ ಬಿಗಿ ಇರ್ಬೇಕು. ರಾಕೆಟ್‌ನ ಮೂಗು ಹಿಡ್ಕೊಂಡು ಎತ್ತಿ ನೋಡಿ, ಸುಮ್ನೆ ಎತ್ತಿದ್ರೆ ಬಿಡ್ಬಾರ್ದು, ಸ್ವಲ್ಪ ಅಲ್ಲಾಡಿಸಿದ್ರೆ ಬಿಡ್ಬೇಕು. ಮೂಗು ಜಾಸ್ತಿ ಬಿಗಿ ಅನ್ನಿಸಿದ್ರೆ ಅದರ ಬುಡಾನ ಉಪ್ಪು ಕಾಗದದಲ್ಲಿ ಉಜ್ಜಿ. ನಮ್ಮ ರಾಕೆಟ್‌ನಲ್ಲಿ ಪೇಂಟ್ ಒಳಗೆ ಇಳಿದು ಮೂಗು ಬಾಟಲಿ ಬಿರಡೆ ಥರ ಕೂತಿತ್ತು, ಹಿಂದೆ ಮೋಟರ್ ಸಡಿಲ. ಇನ್ನೇನಾಗುತ್ತೆ.

(ನಮ್ಮ ಮೈಸೂರು ರಾಕೆಟ್‌ಗಳಲ್ಲೂ ಕಟ್ಟೋದೇ ಒಂದು ಕೆಲಸ ಆಗಿತ್ತು, ಕಬ್ಬಿಣದ ಕೊಳವೆಯನ್ನ ಬಿದಿರಿಗೆ ತೊಗಲಿನ ಪಟ್ಟಿಯಲ್ಲಿ ಬಿಗಿದು ಕಟ್ತಿದ್ರು. 2018ರಲ್ಲಿ ಶಿವಮೊಗ್ಗ ಜಿಲ್ಲೆ ಬಿದನೂರಿನಲ್ಲಿ ಹಳೇ ಬಾವಿ ಅಗೆದಾಗ ಅಂಥ ತುಕ್ಕು ಹಿಡಿದ ಕೊಳವೆಗಳು ಸಾವಿರಕ್ಕೂ ಹೆಚ್ಚು ಸಿಕ್ಕಿದ್ವು. ಅವಕ್ಕೆ ವಾಪಸ್ ಬರೋ ತಲೆನೋವು ಇರ್ಲಿಲ್ಲ ಬಿಡಿ.)

ಕೈ ಹಾಕೋ ಮುಂಚೆ ಮೋಟರ್ ಮೇಲೆ ಬರೆದಿರೋದು ಓದೋಕೆ ಬರ್ಬೇಕು. ಸಿ6-5 ಅಂದ್ರೆ ಸಿ ಅನ್ನೋದು ಒಟ್ಟು ಶಕ್ತಿಯ ಕ್ಲಾಸ್, ಒಂದೊಂದು ಅಕ್ಷರಕ್ಕೂ ಮಿತಿ ಡಬಲ್ ಆಗ್ತಾ ಹೋಗುತ್ತೆ, ಎ 2.5 ನ್ಯೂಟನ್ ಸೆಕೆಂಡ್‌ವರೆಗೆ, ಬಿ 5, ಸಿ 10, ಡಿ 20 ಹೀಗೆ. 6 ಅನ್ನೋದು ಸರಾಸರಿ ಎಷ್ಟು ನ್ಯೂಟನ್ ನೂಕುತ್ತೆ ಅಂತ. ಕೊನೇ 5 ಡಿಲೇ, ಐದು ಸೆಕೆಂಡ್. ಕೊನೇಲಿ ಸೊನ್ನೆ ಇದ್ರೆ, ಉದಾಹರಣೆಗೆ ಸಿ6-0, ಅದು ಎರಡು ಹಂತದ ರಾಕೆಟ್‌ನ ಕೆಳಗಿನ ಹಂತಕ್ಕೆ ಮಾಡಿದ್ದು, ಅದರಲ್ಲಿ ಡಿಲೇನೂ ಇಲ್ಲ ಎಜೆಕ್ಷನ್ನೂ ಇಲ್ಲ, ಅದನ್ನ ಒಂಟಿ ರಾಕೆಟ್‌ಗೆ ಹಾಕಿದ್ರೆ ಎಷ್ಟೇ ಚೆಂದಾಗಿ ಫಿಟ್ ಮಾಡಿದ್ರೂ ಪ್ಯಾರಾಚೂಟ್ ಬರಲ್ಲ. ಪ್ಯಾಕೆಟ್ ನೋಡೋಕೆ ಒಂದೇ ಥರ ಇರುತ್ತೆ, ಅಂಗಡೀಲಿ ಕನ್ನಡಕ ಹಾಕ್ಕೊಂಡು ಓದಿ. ಸೈಜ್ ವಿಷ್ಯಕ್ಕೆ ಬಂದ್ರೆ ಎ8, ಬಿ6, ಸಿ6 ಎಲ್ಲಾ 18 ಮಿಲಿಮೀಟರ್ ದಪ್ಪ 70 ಮಿಲಿಮೀಟರ್ ಉದ್ದ. ಡಿ12 ಉದ್ದ ಅಷ್ಟೇ ಆದ್ರೆ ದಪ್ಪ 24. ಇ12 ದಪ್ಪ 24, ಉದ್ದ 95. ಸಣ್ಣ ಎ10 13 ಮಿಲಿಮೀಟರ್‌ದು.

ಈಗ ಮೌಂಟ್, ಅಂದ್ರೆ ರಾಕೆಟ್ ಒಳಗೆ ಮೋಟರ್ ಕೂರೋ ಗೂಡು. ಕಿಟ್‌ನಲ್ಲಿ ಒಂದು ಸಣ್ಣ ರಟ್ಟಿನ ಟ್ಯೂಬ್, ಉದ್ದನೆಯ ಲೋಹದ ಹುಕ್, ಆ ಟ್ಯೂಬನ್ನ ರಾಕೆಟ್ ಬಾಡಿ ನಡುವೆ ಹಿಡಿಯೋ ಎರಡು ಸೆಂಟರಿಂಗ್ ರಿಂಗ್, ಇನ್ನೊಂದು ಪುಟ್ಟ ದಪ್ಪ ರಿಂಗ್ ಇರುತ್ತೆ. ಆ ಪುಟ್ಟದೇ ಥ್ರಸ್ಟ್ ರಿಂಗ್, ನೀರಿನ ಕೊಡದ ಕೆಳಗೆ ತಲೆ ಮೇಲೆ ಇಟ್ಕೊಳ್ಳೋ ಸಿಂಬಿ ಇದ್ದ ಹಾಗೆ, ಮೋಟರ್‌ನ ಭಾರವೆಲ್ಲಾ ಅದರ ಮೇಲೆ. ಡಿ12 ಶುರುವಾದ ಕ್ಷಣದಲ್ಲಿ 30 ನ್ಯೂಟನ್ ಹತ್ರ ನೂಕುತ್ತೆ, ಅಂದ್ರೆ ಮೂರು ಕೇಜಿ ಅಕ್ಕಿ ಚೀಲ ಆ ಸಿಂಬಿ ಮೇಲೆ ಕೂತ ಲೆಕ್ಕ. ಮತ್ತೆ ಸಿಂಬಿ ಥರಾನೇ ನಡುವೆ ತೂತು ಇರ್ಲೇಬೇಕು, ಎಜೆಕ್ಷನ್ ಗ್ಯಾಸ್ ಮುಂದಕ್ಕೆ ಹೋಗೋ ದಾರಿ ಅದೇ. ರಿಂಗ್ ಕಳ್ಕೊಂಡು ಅದೇ ಸೈಜಿನ ರಟ್ಟಿನ ಬಿಲ್ಲೆ ಕತ್ತರಿಸಿ ಅಂಟಿಸಿದ ಪುಣ್ಯಾತ್ಮರನ್ನೂ ನೋಡಿದೀನಿ, ದಾರಿ ಮುಚ್ಚಿದ್ರೆ ಗ್ಯಾಸ್ ಎಲ್ಲಿಗೆ ಹೋಗ್ಬೇಕು, ಹಿಂದಕ್ಕೇ.

ಅಂಟು ಮುಟ್ಟೋ ಮುಂಚೆ ಎಲ್ಲಾ ಒಣದಾಗಿ ಜೋಡಿಸಿ ನೋಡಿ. ಮೋಟರನ್ನ ಟ್ಯೂಬ್ ಒಳಗೆ ಇಟ್ಟು ಹಿಂದೆ ಒಂದು 6 ಮಿಲಿಮೀಟರ್ ಹೊರಗೆ ಚಾಚ್ಕೊಂಡಿರೋ ಹಾಗೆ ಮಾಡಿ, ಆಗ ತಾನೇ ಹಾರಿಸಿದ ಮೇಲೆ ಬೆರಳಲ್ಲಿ ಹಿಡಿದು ಎಳೆಯೋಕೆ ಆಗೋದು. ಹುಕ್ ಪಕ್ಕ ಇಟ್ಟು ಅದರ ಮೇಲಿನ ಮಡಿಕೆ ಎಲ್ಲಿ ಬರುತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ ಬ್ಲೇಡಲ್ಲಿ ಅಡ್ಡಕ್ಕೆ ಸಣ್ಣ ಸೀಳು, ಹುಕ್‌ನ ಅಗಲದಷ್ಟೇ, ಜಾಸ್ತಿ ಬೇಡ. ಮಡಿಕೆ ಆ ಸೀಳೊಳಗೆ ಹೋಗ್ಬೇಕು, ಕೆಳಗಿನ ಮಡಿಕೆ ಮೋಟರ್‌ನ ಹಿಂಭಾಗಾನ ಹಿಡ್ಕೋಬೇಕು. ಕಿರುಬೆರಳಲ್ಲಿ ಹುಕ್ ಎತ್ತಿ ಬಿಟ್ರೆ ಟಕ್ ಅಂತ ವಾಪಸ್ ಬರ್ಬೇಕು. ಮೋಟರ್ ಇಟ್ಟಾಗ ಹಿಂದೆ ಮುಂದೆ ಒಂದು ಮಿಲಿಮೀಟರ್ ಆಡಿದ್ರೆ ಪರ್ವಾಗಿಲ್ಲ, ಗಡಗಡ ಅಂದ್ರೆ ಸೀಳು ತಪ್ಪು ಜಾಗಕ್ಕೆ ಬಿದ್ದಿದೆ ಅಂತ.

ಥ್ರಸ್ಟ್ ರಿಂಗ್ ಅಂಟಿಸೋದ್ರಲ್ಲಿ ಎಲ್ಲರೂ ಒಂದ್ಸಲ ಎಡವ್ತಾರೆ. ಐಸ್‌ಕ್ರೀಮ್ ಕಡ್ಡಿಗೆ ಮರದ ಗಮ್ ತಗೊಂಡು, ನಮ್ಮ ಫೆವಿಕಾಲ್ ಥರದ್ದು, ಟ್ಯೂಬ್ ಒಳಗೆ ಹುಕ್‌ನ ಮಡಿಕೆ ಇರೋ ಕಡೆ ಒಂದು ಸುತ್ತು ಬಳೀಬೇಕು. ರಿಂಗನ್ನ ಮುಂದಿನ ಕಡೆಯಿಂದ ತೂರಿಸಿ, ಇಲ್ಲಾ ಹಿಂದಿನ ಕಡೆಯಿಂದ ಖಾಲಿ ಮೋಟರ್ ಇಟ್ಟು ನೂಕಿ, ಕಿಟ್‌ನಲ್ಲಿ ಹೇಗೆ ಹೇಳಿದೆಯೋ ಹಾಗೆ, ಒಟ್ನಲ್ಲಿ ಅದು ಹುಕ್‌ನ ಮಡಿಕೆಗೆ ತಾಗಿ ಕೂರ್ಬೇಕು. ಮೋಟರ್ ಇಟ್ಟು ನೂಕಿದ್ರೆ ನೂಕಿದ ತಕ್ಷಣ ಹೊರಗೆ ಎಳೀರಿ. ತಕ್ಷಣ ಅಂದ್ರೆ ತಕ್ಷಣ. ನಾನು ನೂಕಿ, ಸರಿಯಾಗಿ ಕೂತಿದೆಯಾ ಅಂತ ಲೈಟ್‌ಗೆ ಹಿಡಿದು ನೋಡ್ತಾ ನಿಂತೆ, ಅಷ್ಟರಲ್ಲಿ ಕುಕ್ಕರ್ ಮೂರನೇ ಕೂಗು ಹಾಕ್ತು ಆಫ್ ಮಾಡಿ ಬಂದೆ, ಬಂದು ನೋಡಿದ್ರೆ ಮೋಟರ್ ಟ್ಯೂಬ್‌ಗೇ ಮದುವೆ ಆಗ್ಬಿಟ್ಟಿತ್ತು. ಆ ಟ್ಯೂಬ್ ಈಗ ಮಗಳ ಪೆನ್ ಸ್ಟ್ಯಾಂಡ್.

ಅಂಟು ಬಗ್ಗೆ ಇನ್ನೊಂದು ಮಾತು. ರಟ್ಟಿಗೆ ರಟ್ಟು ಅಂದ್ರೆ ಮರದ ಗಮ್ಮೇ ರಾಜ, ರಟ್ಟು ಹರಿಯುತ್ತೆ ಜಾಯಿಂಟ್ ಬಿಡಲ್ಲ. ಗ್ಲೂ ಗನ್‌ನ ಬಿಸಿ ಅಂಟು ಮಾತ್ರ ಬೇಡವೇ ಬೇಡ, ಬಿಸಿಗೆ ಕರಗೋದೇ ಅದರ ಕೆಲಸ, ನೀವದನ್ನ ಮೋಟರ್ ಪಕ್ಕ ಇಡ್ತಾ ಇದೀರ. ಫೆವಿಕ್ವಿಕ್ ಥರದ್ದು ಬೇಗ ಹಿಡಿಯುತ್ತೆ ಆದ್ರೆ ಪೆಡಸು, ಏಟು ಬಿದ್ರೆ ಟಪ್ ಅಂತ ಬಿಡುತ್ತೆ. ದೊಡ್ಡ ಮೋಟರ್‌ಗೆ ಎಪಾಕ್ಸಿ.

ಸೆಂಟರಿಂಗ್ ರಿಂಗ್ ಎರಡೂ ಮೌಂಟ್ ಟ್ಯೂಬ್‌ಗೆ ಬಳೆ ತೊಡಿಸಿದ ಹಾಗೆ ಹಾಕೋದು, ಹಿಂದಿನ ರಿಂಗ್‌ನಲ್ಲಿ ಹುಕ್ ಆಡೋಕೆ ಒಂದು ಕಚ್ಚು ಇರುತ್ತೆ, ಇಲ್ಲಾಂದ್ರೆ ನೀವೇ ಕೊರೀರಿ. ಹುಕ್ ಮಧ್ಯದಲ್ಲಿ ಟೇಪನ್ನ ಎರಡು ಸುತ್ತು ಬಿಗಿದು ಹಾಕಿ, ಆಗ ಹುಕ್ ಹೊರಗೆ ಎದ್ದು ಬರಲ್ಲ. ಪ್ಯಾರಾಚೂಟ್‌ನ ದಾರ ಮೌಂಟ್‌ಗೇ ಕಟ್ಟೋದಾದ್ರೆ ಈಗಲೇ ಕಟ್ಟಿ, ಆಮೇಲೆ ಕೈ ಹೋಗಲ್ಲ. ಎಲ್ಲಾ ಒಣಗಿದ ಮೇಲೆ ಬಾಡಿ ಟ್ಯೂಬ್ ಒಳಗೆ ಸೇರಿಸೋದು, ಇಲ್ಲೇ ಉಸಿರು ಬಿಗಿ ಹಿಡೀಬೇಕಾದ್ದು, ಯಾಕಂದ್ರೆ ರಟ್ಟಿನ ಒಳಗೆ ರಟ್ಟು ಜಾರಿಸೋವಾಗ ಗಮ್‌ನ ನೀರನ್ನ ರಟ್ಟು ಹೀರ್ಕೊಂಡು ಅರ್ಧ ದಾರೀಲೇ ಹಿಡ್ಕೊಂಡುಬಿಡುತ್ತೆ, ನಿಲ್ಲಿಸಿದ್ರಿ ಅಂದ್ರೆ ಅಲ್ಲೇ ನಿಂತ್ಕೊಳ್ಳುತ್ತೆ ಆಮೇಲೆ ಬ್ರಹ್ಮ ಬಂದ್ರೂ ಅಲ್ಲಾಡಲ್ಲ. ಎಷ್ಟು ಒಳಗೆ ಹೋಗ್ಬೇಕು ಅಂತ ಮೊದಲೇ ಗುರುತು ಹಾಕಿ, ಹುಕ್ ಎರಡು ರೆಕ್ಕೆಗಳ ನಡುವೆ ಬರೋ ಹಾಗೆ ತಿರುಗಿಸ್ಕೊಂಡು, ಬಾಡಿ ಒಳಗೆ ಮುಂದಿನ ರಿಂಗ್ ಬಂದು ಕೂರೋ ಜಾಗಕ್ಕೆ ಗಮ್ ಬಳಿದು, ಒಂದೇ ಏಟಿಗೆ ಒಳಗೆ. ಹಿಂದಿನ ರಿಂಗ್ ಸುತ್ತ ಆಮೇಲೆ ನಿಧಾನವಾಗಿ ಗಮ್ ತುಂಬಬಹುದು, ಅದಕ್ಕೆ ಅವಸರ ಇಲ್ಲ.

ಹುಕ್ ಇಲ್ಲದ ರಾಕೆಟ್‌ಗಳು, ನಮ್ಮದು ಆವತ್ತು ಇದ್ದ ಹಾಗೆ, ಅವು ಟೇಪಿನ ಬಿಗಿಯಲ್ಲೇ ನಿಲ್ಲೋದು. ಬಾಡಿ ಟ್ಯೂಬೇ ಮೋಟರ್ ಸೈಜ್ ಇದ್ರೆ ಹುಕ್‌ಗೆ ಜಾಗವೇ ಇರಲ್ಲ. ಇದಕ್ಕೆ ಮಾಸ್ಕಿಂಗ್ ಟೇಪೇ ಸರಿ, ಪೇಂಟ್ ಮಾಡೋರು ಗೋಡೆಗೆ ಹಚ್ಚೋದು, ಪ್ಲಾಸ್ಟಿಕ್ ಸೆಲ್ಲೋಟೇಪ್ ಜಾರುತ್ತೆ. ಮೋಟರ್‌ನ ಮುಂದಿನ ತುದಿ ಹತ್ರ ಒಂದು ಕಡೆ, ಹಿಂದಿನ ತುದಿ ಹತ್ರ ಒಂದು ಕಡೆ ಸುತ್ತಿ, ಒಂದೇ ಕಡೆ ಸುತ್ತಿದ್ರೆ ಮೋಟರ್ ಸೊಟ್ಟಗೆ ಕೂರುತ್ತೆ, ಸೊಟ್ಟ ಕೂತ್ರೆ ಸೊಟ್ಟಗೇ ನೂಕುತ್ತೆ. ಒಂದು ಸುತ್ತು ಹಾಕಿ ತೂರಿಸಿ ನೋಡಿ, ಸಡಿಲ ಅನ್ನಿಸಿದ್ರೆ ಇನ್ನೊಂದು, ಅರ್ಧ ಸುತ್ತೂ ವ್ಯತ್ಯಾಸ ಮಾಡುತ್ತೆ. ಎಷ್ಟು ಬಿಗಿ ಅಂದ್ರೆ, ಬಳೆಗಾರ ಗಾಜಿನ ಬಳೆ ತೊಡಿಸೋವಾಗ ಕೈ ಹಿಂಡಿ ಸ್ವಲ್ಪ ತಿರುಗಿಸಿ ತಿರುಗಿಸಿ ಏರಿಸ್ತಾನಲ್ಲ, ಆ ಬಿಗಿ. ನೇರ ಒತ್ತಿದ್ರೆ ಹೋಗ್ಬಾರ್ದು, ತಿರುಗಿಸ್ತಾ ಒತ್ತಿದ್ರೆ ಹೋಗ್ಬೇಕು. ಕೂರಿಸಿದ ಮೇಲೆ ಹಿಂದೆ ಚಾಚಿರೋ ತುದಿ ಹಿಡಿದು ಎಳೀರಿ, ಬೆರಳು ಜಾರ್ಬೇಕೇ ಹೊರ್ತು ಮೋಟರ್ ಜಾರ್ಬಾರ್ದು. ತೀರಾ ಬಿಗಿ ಮಾಡಿ ಸುತ್ತಿಗೆ ತಗೊಳ್ಳೋ ಸ್ಥಿತಿಗೆ ಬಂದ್ರೆ ಅದೂ ತಪ್ಪು, ಟ್ಯೂಬ್ ಸುಕ್ಕಾಗುತ್ತೆ, ಹಾರಿದ ಮೇಲೆ ಖಾಲಿ ಮೋಟರ್ ತೆಗೆಯೋಕೆ ಆಗಲ್ಲ, ಮೋಟರ್ ಮೇಲೆ ಸುತ್ತಿಗೆ ಅನ್ನೋದೇ ಹುಚ್ಚುತನ. ಕೊನೇಲಿ ಹೊರಗಿನಿಂದ, ಮೋಟರ್ ತುದಿ ಮತ್ತು ಬಾಡಿ ಟ್ಯೂಬ್ ಸೇರೋ ಗೆರೆ ಮೇಲೆ ಒಂದು ಸುತ್ತು ಟೇಪ್ ಹಾಕಿ, ಬೆಂಕಿ ಹೊರಗೆ ಬರೋ ನಾಜಲ್‌ನ ಬಾಯಿಗೆ ಮಾತ್ರ ಟೇಪ್ ಬರ್ಬಾರ್ದು. ಅದನ್ನ ನಾನು ಈಗ ಯಾವತ್ತೂ ಬಿಡಲ್ಲ.

ಇದನ್ನ ಮನೇಲೇ ಮಾಡಿ ಬ್ಯಾಗಲ್ಲಿ ಹಾಕ್ಕೊಂಡು ಹೋಗೋ ಆಸೆ ಬರುತ್ತೆ, ಬೇಡ. ರಟ್ಟು ತೇವಕ್ಕೆ ಉಬ್ಬುತ್ತೆ ಬಿಸಿಲಿಗೆ ಒಣಗುತ್ತೆ, ರಾತ್ರಿ ಏಸೀಲಿ ಬಿಗಿ ಇದ್ದಿದ್ದು ಮಧ್ಯಾಹ್ನ ಮೈದಾನದಲ್ಲಿ ಹಾಗೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮತ್ತೆ ಮೋಟರ್‌ಗಳನ್ನ ಕಾರ್ ಡಿಕ್ಕೀಲಿ ಬಿಸಿಲಲ್ಲಿ ಬಿಡ್ಬೇಡಿ, ಕಾದು ತಣ್ಣಗಾಗಿ ಕಾದು ತಣ್ಣಗಾಗಿ ಒಳಗಿನ ಮದ್ದು ಬಿರುಕು ಬಿಡುತ್ತೆ, ಬಿರುಕಿಗೆ ಬೆಂಕಿ ನುಗ್ಗಿದ್ರೆ ಮೋಟರ್ ನೂಕೋದಿಲ್ಲ, ಸಿಡಿಯುತ್ತೆ.

ಡಿ12 ಹಾಕೋ 24 ಮಿಲಿಮೀಟರ್ ಮೌಂಟ್‌ಗೆ ಸಿ6 ಹಾಕ್ಬೇಕು ಅಂದ್ರೆ ಅಡಾಪ್ಟರ್ ಸಿಗುತ್ತೆ, ಇ12 ಜಾಗದಲ್ಲಿ ಡಿ12 ಹಾಕೋದಾದ್ರೆ ಉದ್ದದಲ್ಲಿ 25 ಮಿಲಿಮೀಟರ್ ಕಮ್ಮಿ ಬೀಳುತ್ತೆ, ಮುಂದೆ ಅಷ್ಟುದ್ದದ ಟೊಳ್ಳು ಸ್ಪೇಸರ್ ಇಡ್ಬೇಕು. ಟೊಳ್ಳು ಅನ್ನೋದನ್ನ ಮತ್ತೆ ಹೇಳ್ತಾ ಇದೀನಿ. ಸ್ಪೇಸರ್ ಮರೆತು ಡಿ12 ಹಾಕಿದ್ರೆ ಅದು ಆ 25 ಮಿಲಿಮೀಟರ್ ಓಡಿ ಹೋಗಿ ರಿಂಗ್‌ಗೆ ಗುದ್ದುತ್ತೆ. 29 ಮಿಲಿಮೀಟರ್ ಮತ್ತೆ ಮೇಲಕ್ಕೆ ಹೋದ್ರೆ ಹುಕ್ ಬಿಟ್ಟು ಸ್ಕ್ರೂ ಥರ ತಿರುಗಿಸೋ ಅಲ್ಯೂಮಿನಿಯಂ ಇಲ್ಲಾ ಪ್ಲಾಸ್ಟಿಕ್ ರಿಟೇನರ್ ಹಾಕ್ತಾರೆ, ಹಿಂದೆ ಡಬ್ಬಿ ಮುಚ್ಚಳ ಹಾಕಿದ ಹಾಗೆ. ಅದನ್ನ ಎಪಾಕ್ಸಿಯಲ್ಲಿ ಅಂಟಿಸೋ ಮುಂಚೆ ಒಳಗಡೆ ಉಪ್ಪು ಕಾಗದದಲ್ಲಿ ಚೆನ್ನಾಗಿ ಗೀರಿ, ಸ್ಕ್ರೂ ಗೆರೆಗಳಿಗೆ ಎಪಾಕ್ಸಿ ಇಳೀದ ಹಾಗೆ ಟೇಪ್ ಸುತ್ತಿ, ಇಳಿದ್ರೆ ಮುಚ್ಚಳ ಜನ್ಮದಲ್ಲಿ ತೆಗೆಯೋಕೆ ಬರಲ್ಲ. ಅದರ ಲೆಕ್ಕಾಚಾರವೇ ಬೇರೆ, ಮೊದಲ ಹತ್ತು ರಾಕೆಟ್ 18ರಲ್ಲೇ ಹಾರಿಸಿ ಅನ್ನೋದು ನನ್ನ ಸಲಹೆ.

ದೊಡ್ಡ ಮೋಟರ್ ಹಿಡಿಸುತ್ತೆ ಅಂತ ಹಾಕ್ಬಿಡೋದೂ ಬೇಡ. ಸಿ6 ಸುಮಾರು 24 ಗ್ರಾಂ, ಡಿ12 ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ, ಅಷ್ಟೂ ತೂಕ ಬಾಲದಲ್ಲಿ ಬಂದು ಕೂರುತ್ತೆ. ತೂಕದ ನಡುಬಿಂದು ಹಿಂದೆ ಹೋದಷ್ಟೂ ರಾಕೆಟ್ ತಲೆ ತಿರುಗಿದ ಕೋಳಿ ಥರ ಆಡುತ್ತೆ. ಹೊಸ ಮೋಟರ್ ಹಾಕಿ, ಪ್ಯಾರಾಚೂಟ್ ಎಲ್ಲಾ ತುಂಬಿ, ರಾಕೆಟ್ ಅಡ್ಡಕ್ಕೆ ಸಮನಾಗಿ ನಿಲ್ಲೋ ಜಾಗಕ್ಕೆ ದಾರ ಕಟ್ಟಿ ಟೇಪ್ ಹಾಕಿ, ತಲೆ ಮೇಲೆ ಸುತ್ತ ಬೀಸಿ. ಮೂಗು ಮುಂದೆ ಮಾಡ್ಕೊಂಡು ಸುತ್ತಿದ್ರೆ ಸರಿ. ಬಾಲ ಮುಂದೆ ಬಂದ್ರೆ ಅಥವಾ ಗಿರಗಿರ ಅಂದ್ರೆ ಮೂಗಿನೊಳಗೆ ಸ್ವಲ್ಪ ಜೇಡಿ ತುಂಬಿ ಮತ್ತೆ ಬೀಸಿ. ಇದನ್ನ ಮಾಡೋವಾಗ ಮೋಟರ್‌ಗೆ ಬೆಂಕಿ ಹಚ್ಚೋ ತಂತಿ, ಅಂದ್ರೆ ಇಗ್ನೈಟರ್ ಹಾಕಿರ್ಬಾರ್ದು, ಅಕ್ಕಪಕ್ಕ ಮಕ್ಕಳನ್ನ ದೂರ ನಿಲ್ಲಿಸಿ, ನನ್ನ ಹೆಂಡತಿಗೆ ಒಂದ್ಸಲ ಸ್ವಲ್ಪದರಲ್ಲಿ ತಪ್ತು. ಮೊದಲ ಹಾರಾಟಕ್ಕೆ ಸಣ್ಣ ರಾಕೆಟ್ ಆದ್ರೆ ಎ8-3 ಸಾಕು, ಕಣ್ಣಿಗೆ ಕಾಣೋ ಎತ್ತರದಲ್ಲೇ ಎಲ್ಲಾ ಗೊತ್ತಾಗುತ್ತೆ.

ಮೈದಾನದಲ್ಲಿ ನನ್ನ ಕ್ರಮ ಹೀಗೆ. ಮೊದಲು ಬೆಂಕಿ ಹಿಡಿಯದ ವ್ಯಾಡಿಂಗ್ ಪೇಪರ್ ನಾಲ್ಕೈದು ಹಾಳೆ ಸಡಿಲವಾಗಿ ಉಂಡೆ ಮಾಡಿ ಒಳಗೆ, ಇದಿಲ್ಲಾಂದ್ರೆ ಪ್ಲಾಸ್ಟಿಕ್ ಪ್ಯಾರಾಚೂಟ್ ಕರಗಿ ಮುದ್ದೆ ಆಗುತ್ತೆ. ಸಾಮಾನ್ಯ ಟಿಶ್ಯೂ ಹಾಕ್ಬೇಡಿ, ಉರೀತಾ ಬಂದು ಒಣ ಹುಲ್ಲಿಗೆ ಬೀಳುತ್ತೆ. ಆಮೇಲೆ ಪ್ಯಾರಾಚೂಟ್, ಮೂಗು. ಇಗ್ನೈಟರ್‌ನ ತುದಿ ನಾಜಲ್ ಒಳಗೆ ಹೋಗಿ ಮದ್ದನ್ನ ಮುಟ್ಟಲೇಬೇಕು, ಬಟನ್ ಒತ್ತಿದ್ರೂ ಹೊತ್ಕೊಳ್ಳದೇ ಇರೋದಕ್ಕೆ ಮುಕ್ಕಾಲು ಪಾಲು ಕಾರಣ ಇದೇ, ಪ್ಲಾಸ್ಟಿಕ್ ಬೆಣೆ ಒತ್ತಿ, ಎರಡು ತಂತಿ ಒಂದಕ್ಕೊಂದು ತಾಗದ ಹಾಗೆ ಬಿಡಿಸಿ. ಮೋಟರ್ ಕೂರಿಸಿ, ಹುಕ್ ಟಕ್ ಅಂತ ಬಂತಾ ನೋಡಿ, ಎಳೆದು ನೋಡಿ. ಲಾಂಚರ್‌ನ ಕೀ ನಿಮ್ಮ ಜೇಬಲ್ಲೇ ಇರ್ಲಿ, ಕ್ಲಿಪ್ ಹಾಕಿ ಎಲ್ಲರೂ ದೂರ ಬಂದ ಮೇಲೇ ಅದು ಹೊರಗೆ ಬರ್ಬೇಕು, ಡಿವರೆಗೆ ಕನಿಷ್ಠ 15 ಅಡಿ, ಅದಕ್ಕಿಂತ ದೊಡ್ಡದಕ್ಕೆ 30 ಅಡಿ. ಹೊತ್ಕೊಳ್ಳಲಿಲ್ಲ ಅಂದ್ರೆ ಕೀ ತೆಗೆದು ಒಂದು ನಿಮಿಷ ಪೂರ್ತಿ ಕಾಯಿರಿ, ಮಕ್ಕಳು ಓಡ್ತಾರೆ, ಹಿಡ್ಕೊಳ್ಳಿ.

ಈ ಹವ್ಯಾಸ ಶುರುವಾಗಿದ್ದೇ ಮಕ್ಕಳು ಮನೇಲಿ ಮದ್ದು ಅರೆದು ಕೈ ಸುಟ್ಕೊಳ್ಳೋದು ತಪ್ಪಲಿ ಅಂತ. 1954ರಲ್ಲಿ ನೆಬ್ರಾಸ್ಕಾದ ಆರ್ವಿಲ್ ಕಾರ್ಲೈಲ್, ಚಪ್ಪಲಿ ಅಂಗಡಿ ಇಟ್ಟಿದ್ದ ಮನುಷ್ಯ, ರಟ್ಟಿನ ರಾಕೆಟ್‌ಗೆ ಬಿಸಾಕೋ ಮೋಟರ್ ಹಾಕಿ ದಾರಿ ತೋರಿಸಿದ, ಆಮೇಲೆ ಎಸ್ಟೆಸ್ ಥರದ ಕಂಪನಿಗಳು ಫ್ಯಾಕ್ಟರೀಲಿ ಮಾಡಿದ ಮೋಟರ್ ಮಾರೋಕೆ ಶುರು ಮಾಡಿದ್ವು. ಹಾಗಾಗಿ ಮೋಟರ್ ನೀವೇ ತಯಾರಿಸೋ ಸಾಹಸ ಬೇಡ, ಬಿಚ್ಚಿ ನೋಡೋದೂ ಬೇಡ. ಊರಿಗೆ ಹೋಗೋವಾಗ ಅಣ್ಣನ ಮಗನಿಗೆ ಅಂತ ಎರಡು ಪ್ಯಾಕೆಟ್ ಸೂಟ್‌ಕೇಸಲ್ಲಿ ಇಡೋಣ ಅಂತ ಕೇಳೋರಿಗೂ ಇದೇ ಉತ್ತರ, ವಿಮಾನದಲ್ಲಿ ಕ್ಯಾಬಿನ್ ಬ್ಯಾಗಲ್ಲೂ ಬಿಡಲ್ಲ ಚೆಕ್‌ಇನ್‌ನಲ್ಲೂ ಬಿಡಲ್ಲ. ಕಿಟ್ ಮಾತ್ರ ತಗೊಂಡು ಹೋಗಿ, ಷೋಕೇಸಲ್ಲಿ ಚೆನ್ನಾಗಿ ಕಾಣುತ್ತೆ.

ರಾಕೆಟ್ ಕೆಳಗೆ ಬಂದ ಮೇಲೆ ಮೋಟರ್‌ನ ಬರಿಗೈಲಿ ಆಗಲೇ ಮುಟ್ಬೇಡಿ, ಐದು ನಿಮಿಷ ಬಿಡಿ. ಹುಕ್ ಇರೋದಾದ್ರೆ ಹುಕ್ ಎತ್ತಿ ಎಳೀರಿ, ಟೇಪಿನದಾದ್ರೆ ಹೊರಗಿನ ಟೇಪ್ ಬಿಚ್ಚಿ ತಿರುಗಿಸ್ತಾ ಎಳೀರಿ, ಬರ್ಲಿಲ್ಲ ಅಂದ್ರೆ ಮುಂದಿನಿಂದ ಉದ್ದ ಕೋಲು ಹಾಕಿ ಒತ್ತಿ, ಥ್ರಸ್ಟ್ ರಿಂಗ್‌ನ ತೂತಿಗಿಂತ ಸಣ್ಣ ಕೋಲು, ಇಲ್ಲಾಂದ್ರೆ ರಿಂಗೇ ಕಿತ್ಕೊಂಡು ಬರುತ್ತೆ. ತೆಗೆದ ಮೇಲೆ ಟಾರ್ಚ್ ಹಾಕಿ ಒಳಗೆ ನೋಡಿ, ರಿಂಗ್ ಅಲ್ಲಾಡ್ತಾ ಇದೆಯಾ, ಅಂಚು ಸುಟ್ಟು ಕರಕಲಾಗಿದೆಯಾ ಅಂತ. ಈ ಕೆಲಸ ಈಗ ನಮ್ಮನೇಲಿ ಮಗಳದ್ದು. ನಾನು ಫಿಟ್ ಮಾಡಿದ ಮೋಟರನ್ನೂ ಅವಳು ಒಂದ್ಸಲ ಎಳೆದು ನೋಡದೇ ಕೀ ಕೊಡಲ್ಲ.